ಮೂರನೆಯ ಎಲೆ

ಚಿಕ್ಕಮ್ಮ ಬ್ಲೇಡಿನ ತುದಿಯಿಂದ ಯೂನಿಫಾರ್ಮ್ ಪ್ಯಾಂಟಿನ ಮಡಿಕೆ ಬಿಚ್ಚುತ್ತಿದ್ದಳು. ಒಂದೊಂದೇ ಹೊಲಿಗೆ ಕತ್ತರಿಸಿ, ನೂಲಿನ ತುಂಡು ಎಳೆದು ಪಕ್ಕದ ತಟ್ಟೆಗೆ ಹಾಕುತ್ತಿದ್ದಳು. ನಾನು ಎದುರಿಗೆ ಕೂತು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಿದ್ದೆ. ಮಡಿಕೆ ಪೂರ್ತಿ ಬಿಚ್ಚಿದಾಗ ಒಳಗೆ ಅಡಗಿದ್ದ ಪಟ್ಟಿ ಹೊರಬಂತು. ಉಳಿದ ಕಡೆ ತೊಳೆದು ತೊಳೆದು ಮಾಸಿದ್ದ ನೀಲಿ, ಅಲ್ಲಿ ಮಾತ್ರ ಅಂಗಡಿಯಿಂದ ತಂದ ದಿನದ ಹಾಗೇ ಇತ್ತು. ಚಿಕ್ಕಮ್ಮ ಅದರ ಮೇಲೆ ಕೈಯಾಡಿಸಿದಳು. ಆಮೇಲೆ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಪ್ಯಾಂಟನ್ನು ಸೊಂಟಕ್ಕೆ ಹಿಡಿದು ಅಳತೆ ನೋಡಿದಳು. ಸರಿಹೋಯಿತು.

ಅದು ಸ್ಪಂದನಳ ಪ್ಯಾಂಟು. ಚಿಕ್ಕಪ್ಪ ಆನಂದಪ್ಪನ ಒಬ್ಬಳೇ ಮಗಳು ಸ್ಪಂದನ. ಎಂಟನೇ ಕ್ಲಾಸಿನಲ್ಲಿದ್ದಾಗ, ಹೋದ ವರ್ಷ ಬೇಸಿಗೆಯ ಮೊದಲಿಗೆ, ಜ್ವರ ಬಂದು ತೀರಿಕೊಂಡಳು. ನಾನು ಚೈತ್ರ, ಅವಳ ದೊಡ್ಡಪ್ಪನ ಮಗಳು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವಳು, ಆಳಿನಲ್ಲಿ ಅಷ್ಟೇ. ಮುಖ ಇಬ್ಬರಿಗೂ ಅಜ್ಜನದು ಎಂದು ಎಲ್ಲರೂ ಹೇಳುತ್ತಿದ್ದರು. ಅಪ್ಪ ಹೋದ ಮೇಲೆ ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಅವ್ವನ ಜೊತೆ ಶಿರಾಳಕೊಪ್ಪದ ಸಂತೆಯಲ್ಲಿ ತರಕಾರಿ ಮಾರುತ್ತಿದ್ದೆ. ಸ್ಪಂದನ ಜ್ವರ ಹಿಡಿದು ಮಲಗಿದಾಗ ಮನೆಗೆಲಸಕ್ಕೆ ಒಂದು ಕೈ ಬೇಕೆಂದು ಚಿಕ್ಕಪ್ಪ ಬಂದು ನನ್ನನ್ನು ಜಡೆ ಊರಿನ ಹತ್ತಿರದ ಈ ಹಳ್ಳಿಗೆ ಕರೆತಂದ. ನಾಲ್ಕು ದಿನಕ್ಕೆಂದು ಬಂದವಳು ಇಲ್ಲೇ ಉಳಿದೆ.

ಸ್ಪಂದನ ಒಂದನೇ ಕ್ಲಾಸಿನಲ್ಲಿದ್ದಾಗಿನಿಂದ ಅವಳ ಓದಿನ ಖರ್ಚನ್ನು ಬೆಲ್ಜಿಯಂ ದೇಶದ ಗಂಡಹೆಂಡತಿ ನೋಡಿಕೊಳ್ಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನಡುವೆ ಒಂದು ಸಂಸ್ಥೆ ಇತ್ತು. ಸೊರಬದಲ್ಲಿ ಅದರ ಕೆಲಸ ನೋಡುವವರು ನಾಗೇಶ್ ಸರ್. ವರ್ಷಕ್ಕೊಮ್ಮೆ ಬೈಕಿನಲ್ಲಿ ಬಂದು ಹುಡುಗಿಯ ಫೋಟೊ ತೆಗೆದು ಕಳಿಸುತ್ತಿದ್ದರು. ಸ್ಪಂದನ ಹೋಗಿ ತಿಂಗಳಾಗಿರಬೇಕು, ನಾಗೇಶ್ ಸರ್ ಫೋಟೊಗೆ ಬಂದರು. ನನ್ನ ಬಟ್ಟೆ ಒಣಗಿರಲಿಲ್ಲವೆಂದು ಸ್ಪಂದನಳ ಚೂಡಿದಾರ ಹಾಕಿಕೊಂಡು ನಾನು ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದೆ. "ಅಲ್ಲೇ ನಿಂತ್ಕೋ ಸ್ಪಂದನ, ಬೆಳಕು ಚೆನ್ನಾಗಿದೆ" ಎಂದರು. ಚಿಕ್ಕಪ್ಪ ಜಗುಲಿಯಲ್ಲಿ ನಿಂತಿದ್ದ. ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳು ಸತ್ತಳು ಎಂದು ಹೇಳಬೇಕಾದ ಬಾಯಿಗಳು ಎರಡೂ ಮುಚ್ಚಿಕೊಂಡೇ ಇದ್ದವು. ನಾನು ಕೈಯ ಬೂದಿ ಒರೆಸಿಕೊಂಡು ನಿಂತೆ.

ಆಮೇಲೆ ನಾಗೇಶ್ ಸರ್‌ಗೂ ವಿಷಯ ತಿಳಿಯಿತು. ಅಷ್ಟರಲ್ಲಿ ಫೋಟೊ ಬೆಲ್ಜಿಯಂ ಮುಟ್ಟಿತ್ತು. ಎಷ್ಟು ಚೆನ್ನಾಗಿ ಬೆಳೆದಿದ್ದಾಳೆ ಎಂದು ಅಲ್ಲಿಂದ ಮಾತೂ ಬಂದಿತ್ತು.

ಈಗ ಆ ಗಂಡಹೆಂಡತಿಯೇ ಬರುತ್ತಿದ್ದರು. ತಾವು ಓದಿಸುವ ಮಕ್ಕಳನ್ನು ಕಣ್ಣಾರೆ ನೋಡಿಕೊಂಡು ಹೋಗಲು, ಸಂಸ್ಥೆಯ ಸ್ವಯಂಸೇವಕರಾಗಿ, ಸ್ವಂತ ಖರ್ಚಿನಲ್ಲಿ.

"ಮಾಲಯ ಅಮಾಸೆ ದಿನ ಇಟ್ಟಿದೀನಿ" ಎಂದರು ನಾಗೇಶ್ ಸರ್, ಕಾಫಿ ಲೋಟ ಕೆಳಗಿಟ್ಟು. "ಅವತ್ತು ಶಾಲೆಗೆ ರಜೆ. ಮೇಷ್ಟ್ರು ಯಾರೂ ಇರಲ್ಲ. ಊರೋರೆಲ್ಲ ಅವರವರ ಮನೆ ಹಿರೇರ ಕೆಲಸದಾಗೆ ಇರ್ತಾರೆ. ಯಾರೂ ಈ ಕಡೆ ತಲೆ ಹಾಕಲ್ಲ."

ಅಜ್ಜಿ ತುಂಗಮ್ಮ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಹಿರೇರು ಮನೆಗೆ ಬರೋ ದಿನನೇ ಬೇಕಾಗಿತ್ತೇನಪ್ಪ ನಿಂಗೆ?"

"ಇವ್ರೂ ವಯಸ್ಸಾದೋರೇ ಅಜ್ಜಿ. ಎಲ್ಲಾ ಒಂದೇ ದಿನ ಬಂದ್ರೆ ನಿಮಗೂ ಒಂದೇ ಅಡುಗೆ."

ಅಜ್ಜಿ ನಗಲಿಲ್ಲ. ಚಿಕ್ಕಪ್ಪ ನನ್ನ ಕಡೆ ತಿರುಗಿದ. "ಒಂದೇ ದಿನದ ಕೆಲಸ ಚೈತ್ರ. ಅವತ್ತು ನಿಮ್ಮವ್ವನ್ನೂ ಬರಕ್ಕೆ ಹೇಳ್ತೀನಿ. ಅವರು ಅತ್ತ ಹೋಗ್ತಿದ್ದಂಗೆ ನೀನು ಸಂಜೆ ಬಸ್ಸಿಗೆ ಅವ್ವನ ಜೊತೆ ಹೊರಡು. ಆಮೇಲೆ ಹುಡುಗಿ ಓದು ಬಿಟ್ಳು ಅಂತ ಇವರು ಬರೆದು ಹಾಕ್ತಾರೆ. ಆಯ್ತಾ?"

ನಾನು ತಲೆ ಆಡಿಸಿದೆ. ಮನೆಗೆ ಹೋಗುವುದೊಂದೇ ನನಗೆ ಬೇಕಾಗಿತ್ತು.

"ಅಲ್ಲೀವರೆಗೆ ಎಲ್ರೂ ಇವಳನ್ನ ಸ್ಪಂದನ ಅಂತ್ಲೇ ಕರೀಬೇಕು. ಅವರ ಎದುರಿಗೆ ಬಾಯಿ ತಪ್ಪಬಾರದು. ಅವ್ವ, ಕೇಳ್ತಾ?"

"ನಂಗೆ ಕಿವಿ ಕೇಳ್ತದೆ" ಎಂದಳು ಅಜ್ಜಿ.

ಮೊದಲ ಎರಡು ದಿನ ಅದು ಆಟದ ಹಾಗಿತ್ತು. ಚಿಕ್ಕಪ್ಪ "ಸ್ಪಂದನ, ಟವೆಲ್ ಕೊಡು" ಎಂದಾಗ ನಾನು ಸುಮ್ಮನೆ ಕೂತಿದ್ದು, ಆಮೇಲೆ ಗಡಬಡಿಸಿ ಏಳುತ್ತಿದ್ದೆ. "ಕರೆದ ತಕ್ಷಣ ಏಳಬೇಕು" ಎನ್ನುತ್ತಿದ್ದ. ಚಿಕ್ಕಮ್ಮ ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಮಡಿಚಿ ರಿಬ್ಬನ್ ಕಟ್ಟತೊಡಗಿದಳು. ಅಷ್ಟು ಮೆತ್ತಗೆ ಬಾಚುತ್ತಿದ್ದಳೆಂದರೆ ಬಾಚಣಿಗೆ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತರೆ ಅಜ್ಜಿ ಹಾಗಲಕಾಯಿ ಪಲ್ಯ ಬಡಿಸಿದಳು.

"ನಂಗೆ ಸೇರಲ್ಲ ಅಜ್ಜಿ."

"ಸೇರಲ್ವಾ? ಬೋಗುಣಿ ಬಳ್ಕಂಡು ತಿಂತಿದ್ದೆ. ತಿನ್ನು."

"ಅದು ಸ್ಪಂದನ ಅಜ್ಜಿ."

"ಮತ್ತೆ ನೀನು ಯಾರು?" ಎಂದು ಚಿಕ್ಕಪ್ಪ ಅನ್ನದಿಂದ ತಲೆ ಎತ್ತಿ ಕೇಳಿದ. ಹೆದರಿಸಲು ಕೇಳಿದ್ದಲ್ಲ, ಪಾಠ ಒಪ್ಪಿಸುವವರನ್ನು ಕೇಳುವ ಹಾಗೆ.

"ಸ್ಪಂದನ" ಎಂದೆ.

"ತಿನ್ನು ಮತ್ತೆ."

ತಿಂದೆ. ಒಂದು ವಾರ ಕಳೆಯಿತು. ಒಂದು ದಿನ ಪಲ್ಯ ಮುಗಿದಿತ್ತು, ನಾನು ಅಡುಗೆಮನೆಗೆ ಹೋಗಿ ಬೋಗುಣಿಯ ತಳಕ್ಕೆ ಅಂಟಿದ್ದನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದೆ. ತಿರುಗಿ ನೋಡಿದರೆ ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಉಪ್ಪು ತರಲು ಜಡೆ ಪೇಟೆಗೆ ಕಳಿಸಿದರು. ಗಂಗಾಧರಪ್ಪನ ಅಂಗಡಿಗೆ ನಾನು ಎಷ್ಟೋ ಸಲ ಹೋಗಿದ್ದೆ, ಶಿರಾಳಕೊಪ್ಪದ ಹುಡುಗಿ ಎಂದು ತಮಾಷೆ ಮಾಡುತ್ತಿದ್ದ. ಅವತ್ತು ಯೂನಿಫಾರ್ಮು, ಎರಡು ಜಡೆ. ಉಪ್ಪಿನ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದ. ನಾನು ದುಡ್ಡು ಚಾಚಿದರೆ ಕೈ ನೀಡಲಿಲ್ಲ.

"ಅಲ್ಲೇ ಇಟ್ಟು ಹೋಗು ತಾಯಿ" ಎಂದ. ತಾಯಿ ಎಂದು ಅವನು ನನ್ನನ್ನು ಯಾವತ್ತೂ ಕರೆದಿರಲಿಲ್ಲ. ನಾನು ರಸ್ತೆ ದಾಟುವ ಮೊದಲೇ ಷಟರ್ ಎಳೆದ ಸದ್ದು ಕೇಳಿಸಿತು.

ಮನೆಗೆ ಬಂದು ಚಿಕ್ಕಮ್ಮನಿಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು.

"ಚಿಕ್ಕಮ್ಮ, ನಂಗೆ ಹೆದ್ರಿಕೆ ಆಗ್ತದೆ. ನಾನು ಚೈತ್ರ ಅಂತ ನಿಂಗೆ ಗೊತ್ತಲ್ಲ?"

"ನಂಗೆ ಗೊತ್ತಿಲ್ವನೇ? ನಾನೇ ಅಲ್ವಾ ಅವಳಿಗೆ ಕೊನೇ ಸಲ ನೀರು ಹಾಕಿದ್ದು." ಹಿಟ್ಟಿನ ಮೇಲೆ ಮುಷ್ಟಿ ಊರಿ ನಾದಿದಳು. "ಚಿಕ್ಕಮ್ಮ ಅನ್ಬೇಡ. ಅಮ್ಮ ಅನ್ನು. ಅಭ್ಯಾಸ ಆಗ್ಲಿ."

ಮಾರನೆಯ ದಿನ ಬೆಳಿಗ್ಗೆ ಅವಳು ಊಟದ ಡಬ್ಬಿ ಕಟ್ಟಿ ಕೈಗೆ ಕೊಟ್ಟಳು. "ಬೇಗ ನಡಿ, ಬಸ್ಸು ಹೋಗ್ತದೆ."

ನಾನು ಚಿಕ್ಕಪ್ಪನ ಮುಖ ನೋಡಿದೆ. ಅವನು ದನಕ್ಕೆ ಹುಲ್ಲು ಹಾಕುತ್ತಿದ್ದವನು ತಲೆ ಎತ್ತಲಿಲ್ಲ. ಡಬ್ಬಿ ಹಿಡಿದು ಎಲ್ಲಿಗೆ ಹೋಗಲಿ? ಬಸ್ಸು ಬಂತು, ನಿಂತಿತು, ಕಂಡಕ್ಟರ್ ನನ್ನನ್ನು ನೋಡಿ ಸೀಟಿ ಹೊಡೆಯುವುದನ್ನು ಮರೆತು ನಿಂತ. ನಾನು ಹತ್ತಲಿಲ್ಲ. ಕೆರೆ ಏರಿಯ ಮೇಲೆ ಹೋಗಿ ಕೂತೆ. ಏರಿಯ ಕೆಳಗೆ, ಲಕ್ಕಿ ಗಿಡಗಳ ಹತ್ತಿರ, ಸ್ಪಂದನಳನ್ನು ಹೂತ ಜಾಗ. ಅಲ್ಲಿ ಕೂತು ಅವಳ ಡಬ್ಬಿಯ ಚಿತ್ರಾನ್ನ ಉಂಡೆ. ಸಂಜೆ ಮಕ್ಕಳು ಬಸ್ಸಿಳಿಯುವ ಹೊತ್ತಿಗೆ ಮನೆಗೆ ಬಂದೆ.

"ಇವತ್ತು ಎಂತ ಹೇಳ್ಕೊಟ್ರು?" ಎಂದು ಚಿಕ್ಕಮ್ಮ ಕೇಳಿದಳು.

"ಲೆಕ್ಕ" ಎಂದೆ.

"ಕಷ್ಟನಾ?"

"ಹೂಂ."

ಅಲ್ಲಿಂದ ದಿನಾ ಡಬ್ಬಿ ಕಟ್ಟಿದಳು.

ಅಮಾವಾಸ್ಯೆಗೆ ಮುಂಚಿನ ಸಂತೆಗೆ ಚಿಕ್ಕಪ್ಪ ಶಿರಾಳಕೊಪ್ಪಕ್ಕೆ ಹೊರಟ. ನಾನೂ ಬರುತ್ತೇನೆಂದು ಹಟ ಮಾಡಿದೆ. ಅವ್ವ ಬಸ್ ಸ್ಟ್ಯಾಂಡಿನ ಕಡೆಯ ಸಾಲಿನಲ್ಲಿ ಟೊಮೆಟೊ, ಹಸಿಮೆಣಸು ಗುಡ್ಡೆ ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿ ತಕ್ಕಡಿ ಕೆಳಗಿಟ್ಟಳು. ಎದ್ದೇಳಲಿಲ್ಲ.

"ಎಷ್ಟ್ ಚಂದ ಆಗಿಯವಾ" ಎಂದಳು. "ಮೈ ಕೈ ತುಂಬೈತಿ."

"ಅವ್ವ, ನಾನು ಇವತ್ತೇ ಬರ್ತೀನಿ. ನಿನ್ನ ಜೊತೆ."

"ಇನ್ನೊಂದೀಟು ದಿನ ತಡಕೋ. ಅಮಾಸೆ ದಿನ ನಾನೇ ಬರ್ತೀನಲ್ಲ."

ಪಕ್ಕದಲ್ಲಿ ಸೊಪ್ಪು ಮಾರುವ ಹೆಂಗಸು ಹೊಸಬಳು. ನನ್ನನ್ನು ಮೇಲೆ ಕೆಳಗೆ ನೋಡಿ ಕೇಳಿದಳು, "ಯಾರವಾ ಇಕಿ? ನಿನ್ನ ಮಗಳೇನು?"

ಅವ್ವ ಚಿಕ್ಕಪ್ಪನ ಕಡೆ ನೋಡಿದಳು. ಆಮೇಲೆ ಟೊಮೆಟೊ ಗುಡ್ಡೆ ಸರಿಮಾಡುತ್ತಾ ಅಂದಳು, "ಅಲ್ಲ. ನಮ್ಮ ಮೈದುನನ ಮಗಳು. ಹೈಸ್ಕೂಲು ಓದ್ತಾಳ."

"ಅವ್ವ" ಎಂದೆ.

"ದೊಡ್ಡವ್ವ ಅನ್ನು" ಎಂದಳು ಅವ್ವ, ಮೆಲ್ಲಗೆ. "ಸುದ್ದಿ ಸೊರಬಕ್ಕ ಮುಟ್ಟಬಾರದಲ್ಲವಾ, ಅದಕ್ಕ. ಸುಮ್ನಿರು."

ಗಿರಾಕಿ ಬಂತು. ಅವ್ವ ಮೆಣಸು ತೂಗಿದಳು. ಬರುವಾಗ ಅವಳು ನನಗೆ ಏನೂ ಕೊಡಲಿಲ್ಲ. ಪ್ರತಿ ಸಲ ಏನಾದರೂ ಕೊಡುತ್ತಿದ್ದಳು.

ಅಮಾವಾಸ್ಯೆ ಹತ್ತಿರ ಬಂದ ಹಾಗೆ ಮನೆಯಲ್ಲಿ ಜಗಳ ಶುರುವಾಯಿತು. ಜಗಳ ಎಲೆಯದು. ನಮ್ಮಲ್ಲಿ ಹಿರಿಯರ ಹಬ್ಬದ ದಿನ ಮನೆಯಲ್ಲಿ ಸತ್ತವರಿಗೆಲ್ಲ ಒಳಕೋಣೆಯಲ್ಲಿ ಒಂದೊಂದು ಬಾಳೆ ಎಲೆ ಹಾಕಿ, ಅವರಿಗೆ ಸೇರುವುದನ್ನು ಬಡಿಸಿ, ಅವರ ಬಟ್ಟೆ ಮುಂದಿಟ್ಟು ಬಾಗಿಲು ಮುಚ್ಚುತ್ತಾರೆ. ಅದಕ್ಕೆ ಎಡೆ ಇಡುವುದು ಎನ್ನುತ್ತಾರೆ. ಸತ್ತು ವರ್ಷ ತುಂಬದವರಿಗೆ ಇಡುವುದಿಲ್ಲ. ಹೋದ ಸಲ ಅಜ್ಜನಿಗೂ ನನ್ನ ಅಪ್ಪನಿಗೂ ಎರಡೇ ಎಲೆ ಹಾಕಿದ್ದರು. ಈ ಸಲ ಸ್ಪಂದನಳಿಗೆ ಹಾಕಬೇಕಾಗಿತ್ತು.

"ಈ ವರ್ಷ ಎರಡೇ ಸಾಕು" ಎಂದ ಚಿಕ್ಕಪ್ಪ.

"ಎರಡು ಹೆಂಗೆ ಸಾಕಾಯ್ತದೆ? ಈ ಮನೇಲಿ ಮೂರು ಜನ ಹೋಗಿದಾರೆ" ಎಂದಳು ಅಜ್ಜಿ.

"ಬೆಳಿಗ್ಗೆ ಅವರಿಗೆ ನಮ್ಮ ಮಗಳು ಅಂತ ಜೀವಂತ ತೋರ್ಸಿ, ಮಧ್ಯಾಹ್ನ ಅದೇ ಹೆಸರಿಗೆ ಎಡೆ ಇಡ್ತೀಯೇನವ್ವ?"

"ಬದುಕಿದೋರ ಹೆಸರಿಗೆ ಇಟ್ರೆ ಕೆಟ್ಟದು, ನಂಗೂ ಗೊತ್ತು. ಇಡದೆ ಇದ್ರೆ? ಎಲೆ ಸಿಗದೆ ಇದ್ದೋರು ಹೊಸಲಲ್ಲೇ ನಿಂತಿರ್ತಾರೆ. ವರ್ಷಪೂರ್ತಿ ನಿಂತಿರ್ತಾರೆ. ನೀನು ದಾಟ್ಕಂಡು ಓಡಾಡ್ತೀಯಾ?"

"ನನ್ನ ಮಗಳ ಹೆಸರಿಗೆ ಎಡೆ ಇಡಬ್ಯಾಡಿ" ಎಂದಳು ಚಿಕ್ಕಮ್ಮ ಒಳಗಿನಿಂದ. ಅವಳು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಅವಳಿಗೆ ನಾನು ದಿನಾ ಡಬ್ಬಿ ಕಟ್ತಾ ಇದೀನಿ."

ಚಿಕ್ಕಪ್ಪ ಎದ್ದು ಅಂಗಳಕ್ಕೆ ಹೋದ. ಅಜ್ಜಿ ನನ್ನನ್ನು ಬಹಳ ಹೊತ್ತು ನೋಡಿದಳು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಬೆಲ್ಜಿಯಂನ ಗಂಡಹೆಂಡತಿ ಗುಡವಿಯ ಪಕ್ಷಿಧಾಮದಲ್ಲಿ ಹಕ್ಕಿ ನೋಡಿಕೊಂಡು ಬಂದರು. ಹೆಂಗಸಿನ ಹೆಸರು ಮಾರಿಯ. ಬಿಳಿ ಕೂದಲು, ದಪ್ಪ ಚಪ್ಪಲಿ, ಕೈಯಲ್ಲಿ ತಾನೇ ಹೊತ್ತು ತಂದ ಬಾಳೆಗೊನೆ. ಗಂಡ ಅಂಗಳದಲ್ಲೇ ನಿಂತು ದನದ ಕೊಟ್ಟಿಗೆಗೆ, ತುಳಸಿಗೆ, ಅಜ್ಜಿಗೆ ಎಲ್ಲಕ್ಕೂ ಕೈಮುಗಿದ. ಅಜ್ಜಿ ಅವರಿಗೆ ಕಡುಬು ಬಡಿಸಿದಳು. ಎಡೆಗೆ ಮುಂಚೆ ಬೇರೆಯವರಿಗೆ ಬಡಿಸಬಾರದೆಂದು ಗೊಣಗುತ್ತಲೇ ಬಡಿಸಿದಳು. ಮಾರಿಯ ಎರಡನೇ ಕಡುಬು ಕೇಳಿದಾಗ "ಉಣ್ಣು ತಾಯಿ, ನೀನೂ ಎಲ್ಲಿಂದಲೋ ಬಂದೋಳು" ಎಂದಳು.

ನಾನು ಕಲಿತದ್ದನ್ನೆಲ್ಲ ಹೇಳಿದೆ. ಹತ್ತನೇ ಕ್ಲಾಸು. ವಿಜ್ಞಾನ ಇಷ್ಟ. ನಾಗೇಶ್ ಸರ್ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು, ಅವರ ಹಣೆಯಲ್ಲಿ ಬೆವರಿತ್ತು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆಗ ಮಾರಿಯ ನನ್ನ ಎದುರಿಗೆ ನೆಲದ ಮೇಲೆ ಕೂತು ಎರಡೂ ಅಂಗೈ ಎತ್ತಿ ಹಿಡಿದು ಏನೋ ಅಂದಳು.

"ಹಿಂದೆ ಒಂದ್ ಸಲ ಬಂದಿದ್ರಲ್ಲ, ನೀನು ಒಂದನೇ ಕ್ಲಾಸಲ್ಲಿದ್ದಾಗ" ಎಂದರು ನಾಗೇಶ್ ಸರ್. ಅವರ ಸ್ವರ ಬದಲಾಗಿತ್ತು. "ಆಗ ಒಂದು ಕೈ ಆಟ ಹೇಳ್ಕೊಟ್ಟಿದ್ರಂತೆ. ನೆನಪಿದೆಯಾ ಅಂತಾರೆ."

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಆಗ ನಾನು ಶಿರಾಳಕೊಪ್ಪದಲ್ಲಿದ್ದೆ. ಆ ಆಟವನ್ನು ನೋಡಿರಲಿಲ್ಲ, ಆಡಿರಲೂ ಇಲ್ಲ. ಮಾರಿಯ ಅಂಗೈ ಮುಂದೆ ತಂದಳು. ನನ್ನ ಕೈಗಳು ಎದ್ದವು. ಅಂಗೈಗೆ ಅಂಗೈ ಎರಡು ಸಲ, ಮುಷ್ಟಿಯ ಮೇಲೆ ಮುಷ್ಟಿ, ಮೊಣಕೈಗೆ ಮೊಣಕೈ, ಆಮೇಲೆ ಎರಡೂ ಕೈ ಕಿವಿಗೆ. ಅವಳು ಬೇಗ ಮಾಡಿದಳು, ನಾನೂ ಬೇಗ ಮಾಡಿದೆ. ಎಲ್ಲೂ ತಪ್ಪಲಿಲ್ಲ. ಕೊನೆಗೆ ಅವಳು ನಿಲ್ಲಿಸಿದ ಮೇಲೂ ನನ್ನ ಕೈ ಇನ್ನೊಂದು ಸಲ ಚಪ್ಪಾಳೆ ತಟ್ಟಿತು. ಮಾರಿಯ ಜೋರಾಗಿ ನಕ್ಕು ತಾನೇ ಮರೆತಿದ್ದ ಕೊನೆಯ ಚಪ್ಪಾಳೆ ಅದೇ ಎನ್ನುವಂತೆ ತಾನೂ ತಟ್ಟಿದಳು.

ನಗುತ್ತಿದ್ದವಳು ಅವಳೊಬ್ಬಳೇ. ಚಿಕ್ಕಮ್ಮ ಬಾಗಿಲ ಹತ್ತಿರ ಕುಸಿದು ಕೂತಿದ್ದಳು. ಅಜ್ಜಿ ನನ್ನ ಕೈಗಳನ್ನು ನೋಡುತ್ತಾ "ಹೂಂ" ಎಂದಳು.

ಹೊರಡುವಾಗ ಮಾರಿಯ ನನ್ನ ಎರಡೂ ಕೆನ್ನೆ ಹಿಡಿದು ಮಾತಾಡಿದಳು. ನಾಗೇಶ್ ಸರ್ ತಿರುಗಿಸಿ ಹೇಳಲಿಲ್ಲ. ನಾನೇ ಕೇಳಿದೆ.

"ಚಿಕ್ಕೋಳಿದ್ದಾಗ ಹೆಂಗಿದ್ದೆಯೋ ಹಂಗೇ ಇದೀಯ ಅಂದ್ರು" ಎಂದರು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ಕಾಲೇಜೂ ಅವರೇ ಓದಿಸ್ತಾರಂತೆ ಆನಂದಪ್ಪ. ಇನ್ನು ಪ್ರತಿ ವರ್ಷ ಬಂದು ನೋಡ್ಕಂಡು ಹೋಗ್ತಾರಂತೆ" ಎಂದರು.

"ಪ್ರತಿ ವರ್ಷನಾ?" ಎಂದ ಚಿಕ್ಕಪ್ಪ.

ನಾಗೇಶ್ ಸರ್ ಕಾರಿನ ಬಾಗಿಲು ಹಾಕಿಕೊಂಡರು.

ಅವ್ವ ಮಧ್ಯಾಹ್ನದ ಬಸ್ಸಿಗೆ ಬಂದಳು. ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಚಿಕ್ಕಪ್ಪ ಅವಳನ್ನು ಕೊಟ್ಟಿಗೆಯ ಕಡೆ ಕರೆದೊಯ್ದು ಮಾತಾಡಿದ. ನಾನು ಹಿತ್ತಲಿನಿಂದ ಕೇಳಿದೆ.

"ನಿನ್ನ ಹತ್ರ ಏನೈತೆ ಹೇಳು ಅತ್ತಿಗೆ, ಸಂತೆ ತಕ್ಕಡಿ ಬಿಟ್ರೆ? ಇಲ್ಲಿ ಕಾಲೇಜು ಓದ್ತಾಳೆ. ಮುಂದಿನ ವರ್ಷ ಟೀಚರಮ್ಮ ಒಬ್ರನ್ನ ಹಿಡ್ದು ಮನೇಲೇ ಪಾಠ ಹೇಳ್ಸಿ ಹತ್ತನೇ ಕ್ಲಾಸು ಪರೀಕ್ಷೆ ಕಟ್ಟಿಸ್ತೀನಿ. ನನ್ನ ಹೆಂಡ್ತೀನೂ ನೋಡು, ಇವತ್ತು ಆ ಹುಡುಗಿ ಹೋದ್ರೆ ಅವಳು ಉಳಿಯಲ್ಲ."

ಅವ್ವ ಏನು ಹೇಳಿದಳೋ ಕೇಳಿಸಲಿಲ್ಲ. ದನ ಉಸಿರು ಬಿಡುವ ಸದ್ದಷ್ಟೇ ಕೇಳಿಸಿತು. ನಾನು ಓಡಿ ಹೋಗಿ ಬ್ಯಾಗಿಗೆ ಬಾಚಣಿಗೆ, ಟವೆಲ್ ತುರುಕಿದೆ. ಇಲ್ಲಿಗೆ ಬಂದ ದಿನ ಹಾಕಿಕೊಂಡಿದ್ದ ಹಳದಿ ಚೂಡಿದಾರ ಹುಡುಕಿದೆ. ಗೂಟದ ಮೇಲೆ ಇರಲಿಲ್ಲ. ಟ್ರಂಕಿನಲ್ಲಿ ಇರಲಿಲ್ಲ.

"ಸ್ಪಂದನ, ಬಾರೇ, ಎಡೆ ಇಡೋ ಹೊತ್ತಾಯ್ತು" ಎಂದು ಅಜ್ಜಿ ಒಳಕೋಣೆಯಿಂದ ಕರೆದಳು.

ಹೋದೆ. ದೀಪ ಹಚ್ಚಿದ್ದರು. ಗೋಡೆಗೆ ಸಾಲಾಗಿ ಮೂರು ಬಾಳೆ ಎಲೆ. ಮೊದಲ ಎಲೆಯ ಮುಂದೆ ಅಜ್ಜನ ಪಂಚೆ. ಎರಡನೆಯದರ ಮುಂದೆ ಅಪ್ಪನ ಚೌಕಳಿ ಅಂಗಿ. ಮೂರನೆಯದರ ಮುಂದೆ ನೀಟಾಗಿ ಮಡಿಚಿಟ್ಟ ನನ್ನ ಹಳದಿ ಚೂಡಿದಾರ, ಅದರ ಮೇಲೆ ಒಂದು ಸೇವಂತಿಗೆ.

"ಇದು ಯಾರಿಗೆ ಅಜ್ಜಿ?"

"ನಮ್ಮ ಚೈತ್ರಂಗೆ" ಎಂದಳು ಅಜ್ಜಿ. ಸ್ವರದಲ್ಲಿ ಸಿಟ್ಟಿರಲಿಲ್ಲ, ಹಟವಿರಲಿಲ್ಲ. ಅನ್ನ ಬಡಿಸುತ್ತಲೇ ಇದ್ದಳು. "ದೊಡ್ಡೋನ ಮಗಳು ಪಾಪ. ಜ್ವರ ಬಂದು ಹೋದ್ಳು. ವರ್ಷ ತುಂಬೈತಲ್ಲ, ಎಲೆ ಹಾಕ್ಬೇಕು. ಮೂರು ಜನ ಹೋದ ಮನೇಲಿ ಮೂರು ಎಲೆ."

ನಾನು ಚಿಕ್ಕಪ್ಪನ ಕಡೆ ನೋಡಿದೆ. ಅವನು ಊದುಬತ್ತಿ ಹಚ್ಚಲು ಬಗ್ಗಿದ. ಚಿಕ್ಕಮ್ಮ ನನ್ನ ಹಿಂದೆ ಬಂದು ನಿಂತು, ಬಿಚ್ಚಿಹೋಗಿದ್ದ ರಿಬ್ಬನ್ನು ಮತ್ತೆ ಕಟ್ಟತೊಡಗಿದಳು.

ಅವ್ವ ಹೊಸಲಿನ ಆಚೆ ನಿಂತಿದ್ದಳು.

"ಬಾರವ್ವ ಒಳಗೆ" ಎಂದಳು ಅಜ್ಜಿ. "ನೀನು ಹೆತ್ತ ತಾಯಿ, ನೀನೇ ಹೇಳು. ಚೈತ್ರಂಗೆ ಏನು ಸೇರ್ತಿತ್ತು?"

ಅವ್ವ ನನ್ನನ್ನು ನೋಡಿದಳು. ಯೂನಿಫಾರ್ಮನ್ನು ನೋಡಿದಳು, ಕೆಳಗಿನ ಅಂಚಿನ ಆ ಕಡು ನೀಲಿ ಪಟ್ಟಿಯವರೆಗೂ. ನನ್ನ ಹೆಗಲ ಮೇಲಿದ್ದ ಚಿಕ್ಕಮ್ಮನ ಕೈಯನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು.

"ಮಿರ್ಚಿ" ಎಂದಳು. "ಸಂತಿ ಮಿರ್ಚಿ ಬಜಿ ಅಂದ್ರ ಜೀವ ಬಿಡ್ತಿತ್ತು. ತಂದೀನಿ."

ಚೀಲಕ್ಕೆ ಕೈ ಹಾಕಿ ಎಣ್ಣೆ ಇಳಿದ ಪೇಪರಿನ ಪೊಟ್ಟಣ ತೆಗೆದಳು. ನನಗೇ ಕೊಡುತ್ತಾಳೆಂದು ನಾನು ಕೈ ಮುಂದೆ ಮಾಡಿದೆ. ಅವ್ವ ನನ್ನ ಪಕ್ಕದಿಂದ ಹಾದುಹೋಗಿ, ಮಂಡಿಯೂರಿ, ಪೊಟ್ಟಣ ಬಿಚ್ಚಿ ಮಿರ್ಚಿಯನ್ನು ಒಂದೊಂದಾಗಿ ಮೂರನೆಯ ಎಲೆಯ ಮೇಲೆ ಇಟ್ಟಳು. ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು.

ಅಜ್ಜಿ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಚ್ಚಿದಳು. ಸತ್ತವರು ಉಂಡು ಏಳುವವರೆಗೆ ಹೊರಗಿದ್ದವರು ಮಾತಾಡಬಾರದು. ಮಾತಾಡಿದರೆ ಅವರು ಅರ್ಧಕ್ಕೇ ಎದ್ದು ಹೋಗುತ್ತಾರೆ. ಜಗುಲಿಯ ಮೇಲೆ ಎಲ್ಲರೂ ಸಾಲಾಗಿ ಕೂತೆವು. ನನ್ನ ಒಂದು ಪಕ್ಕಕ್ಕೆ ಚಿಕ್ಕಮ್ಮ, ಇನ್ನೊಂದು ಪಕ್ಕಕ್ಕೆ ಅವ್ವ. ಊರಿನ ಯಾವ ಮನೆಯಿಂದಲೂ ಸದ್ದಿರಲಿಲ್ಲ, ಎಲ್ಲರ ಮನೆಯಲ್ಲೂ ಬಾಗಿಲು ಮುಚ್ಚಿತ್ತು. ಸ್ವಲ್ಪ ಹೊತ್ತಿಗೆ ಒಳಗೆ ಬಾಳೆ ಎಲೆ ಸರಿದ ಹಾಗೆ ಸದ್ದಾಯಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಬಾಗಿಲನ್ನೇ ನೋಡುತ್ತಿದ್ದಳು.

ನಾನು ಅವಳ ಮೊಣಕೈ ಮುಟ್ಟಿದೆ.

"ಅವ್ವ, ನನ್ನ ಹೆಸರು ಹಿಡಿದು ಒಂದು ಸಲ ಕರಿ."